ಮೊದಲು ನೆಲ, ಆಮೇಲೆ ಕಾಲು: ಫರ್ನಿಚರ್‌ಗೆ ಕಾಲು, ಗಾಲಿ, ಬುಷ್ ಹಾಕುವ ಸರಿಯಾದ ಕ್ರಮ

ಊಟದ ಮೇಜಿನ ಒಂದು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ಯಾವತ್ತೋ ಅಂಟಿಸಿದ ಫೆಲ್ಟ್ ಪ್ಯಾಡ್ ಇದ್ದರೆ ಅದು ಅರ್ಧ ಪಕ್ಕಕ್ಕೆ ಜರುಗಿರುತ್ತದೆ. ಹೊರಗೆ ಬಂದ ಅಂಟಿಗೆ ಕೂದಲು, ದೂಳು, ಒಣಗಿದ ಅನ್ನದ ಅಗುಳು ಮೆತ್ತಿಕೊಂಡಿರುತ್ತದೆ. ಬೆರಳಲ್ಲಿ ಉಜ್ಜಿದರೆ ಗರಗರ ಅನ್ನುತ್ತದೆ. ಅದು ಮರಳು. ನಿಮ್ಮ ನೆಲ ಗೀಚುತ್ತಿರುವುದು ಕುರ್ಚಿಯ ಕಾಲಲ್ಲ, ನೆಲ ಉಳಿಯಲಿ ಅಂತ ನೀವೇ ಅಂಟಿಸಿದ ಪ್ಯಾಡು.

‘ಪ್ಯಾಡ್ ವಾರಕ್ಕೇ ಕಿತ್ತು ಬರ್ತಿದೆ’, ‘ಗಾಲಿ ಹಾಕಿಸಿದ ಮೇಲೆ ರ‍್ಯಾಕ್ ಓಲಾಡ್ತಿದೆ’, ‘ಹೊಸ ಕಾಲಿನ ಬೋಲ್ಟ್ ಅರ್ಧಕ್ಕೇ ನಿಂತುಬಿಡ್ತು’. ನನ್ನನ್ನು ಕೇಳುವವರ ದೂರು ಹೆಚ್ಚುಕಡಿಮೆ ಈ ಮೂರೇ. ತಂದ ಸಾಮಾನು ಕೆಟ್ಟದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಸಾಮಾನು ಚೆನ್ನಾಗೇ ಇರುತ್ತದೆ, ಕ್ರಮ ತಪ್ಪಿರುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಗಾಲಿಯನ್ನು ಮೊದಲು ತಂದು, ಆಮೇಲೆ ಅದನ್ನು ಎಲ್ಲಿ ಹಾಕೋದು ಅಂತ ಹುಡುಕುತ್ತೇವೆ. ಹಾಗಲ್ಲ. ಮೊದಲು ನೆಲ, ನಂತರ ತೂಕ, ಆಮೇಲೆ ಓಡಾಟ, ಎತ್ತರ, ಜೋಡಣೆ, ಕೊನೆಗೆ ಪಾದಕ್ಕೆ ಹಾಕುವ ಬುಷ್ಷು.

ಇನ್ನೊಂದು ವಿಷಯ. ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮರದ ನೆಲ, ಕಾರ್ಪೆಟ್ ಇರುವ ದೇಶಗಳವು. ಅಲ್ಲಿ ನೆಲ ಒಣಗಿರುತ್ತದೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಬಕೆಟ್ ನೀರು, ಒದ್ದೆ ಬಟ್ಟೆ. ಯಾವ ಕಾಲು ಆರಿಸುವಾಗಲೂ ‘ಇದು ದಿನಕ್ಕೊಂದು ಸಲ ನೆನೆಯುತ್ತೆ’ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಬೇಕಾಗುವ ಸಾಮಾನು

ಅಳತೆ ಟೇಪು, ಸ್ಟಾರ್ ಸ್ಕ್ರೂಡ್ರೈವರ್, 13 ಮಿ.ಮೀ. ಸ್ಪ್ಯಾನರ್, ಡ್ರಿಲ್ ಮತ್ತು 2.5 ಮಿ.ಮೀ. ಬಿಟ್, ಉಪ್ಪುಕಾಗದ, ಸ್ವಲ್ಪ ಸರ್ಜಿಕಲ್ ಸ್ಪಿರಿಟ್, ಒಂದು ರಸಮಟ್ಟ. ಮಂಚ, ಮೇಜು ಉರುಳಿಸಿ ಮಲಗಿಸಲು ಹಳೇ ಬೆಡ್‌ಶೀಟು. ಇದಿಲ್ಲದೆ ಶುರು ಮಾಡಬೇಡಿ. ಕಾಲು ಬದಲಿಸುವ ಭರದಲ್ಲೇ ಮೇಜಿನ ಮೇಲ್ಭಾಗ ಗೀಚಿಕೊಂಡವರು ಕಡಿಮೆ ಏನಿಲ್ಲ.

ದಪ್ಪ ಅಳೆಯುವ ವರ್ನಿಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಕಾಗದದ ಪಟ್ಟಿಯನ್ನು ದುಂಡು ಕಾಲಿಗೆ ಸುತ್ತಿ, ಸೇರಿದ ಕಡೆ ಗುರುತು ಹಾಕಿ, ಬಿಡಿಸಿ ಅಳೆಯಿರಿ. ಬಂದ ಉದ್ದವನ್ನು 3.14ರಿಂದ ಭಾಗಿಸಿ. 79 ಮಿ.ಮೀ. ಬಂದರೆ ಕಾಲಿನ ದಪ್ಪ 25 ಮಿ.ಮೀ., ಅಂದರೆ ಒಂದಿಂಚು.

ಹಂತ 1: ನೆಲ ಯಾವುದು ಅಂತ ನೋಡಿ

ಒಂದೇ ಮನೆಯಲ್ಲಿ ಮೂರು ಥರದ ನೆಲ ಇರಬಹುದು. ಹಾಲ್‌ನಲ್ಲಿ ವಿಟ್ರಿಫೈಡ್ ಟೈಲ್ಸ್, ಅಡುಗೆಮನೆಯಲ್ಲಿ ಗ್ರಾನೈಟ್, ಮಹಡಿ ರೂಮಿನಲ್ಲಿ ಹಳೇ ರೆಡ್ ಆಕ್ಸೈಡ್. ಫರ್ನಿಚರ್ ನಿಲ್ಲುವ ಜಾಗದ ನೆಲ ಯಾವುದು ಅನ್ನುವುದಷ್ಟೇ ಮುಖ್ಯ.

ಗ್ರಾನೈಟ್ ಗಟ್ಟಿ, ಸುಲಭಕ್ಕೆ ಗೀಚುವುದಿಲ್ಲ. ಮಾರ್ಬಲ್ ಹಾಗಲ್ಲ. ಗಡಸುತನದ ಮೋಸ್ ಅಳತೆಯಲ್ಲಿ ಮಾರ್ಬಲ್ ಸುಮಾರು 3, ಮರಳಿನ ಕಣ 7. ಹಾಗಾಗಿ ಕಾಲಿನ ಕೆಳಗೆ ಸಿಕ್ಕಿದ ಒಂದು ಕಣ ಸಾಕು. ಪಾಲಿಶ್ ಇರುವ ಟೈಲ್ಸಿನ ಹೊಳಪನ್ನೂ ಅದು ನಿಧಾನಕ್ಕೆ ತಿನ್ನುತ್ತದೆ. ರೆಡ್ ಆಕ್ಸೈಡ್ ನೆಲದಲ್ಲಿ ಬಣ್ಣದ ಪದರ ತೆಳು. ಆಳವಾಗಿ ಗೀಚಿದರೆ ಕೆಳಗಿನ ಬೂದು ಸಿಮೆಂಟು ಕಾಣುತ್ತದೆ, ಆಮೇಲೆ ಅದೇ ಬಣ್ಣ ಕೂಡಿಸುವ ಕೈ ಸಿಗುವುದು ಕಷ್ಟ. ವಿನೈಲ್ ಹಾಸಿದ ನೆಲಕ್ಕೆ ಕಪ್ಪು ರಬ್ಬರ್ ತಾಗಿಸಲೇಬೇಡಿ. ಅದು ಗೀಚುವುದಿಲ್ಲ, ಕಲೆ ಮಾಡುತ್ತದೆ. ಆ ಹಳದಿ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಟೈಲ್ಸ್ ಆದರೆ ಒಂದು ನಾಣ್ಯ ತಗೊಂಡು ಕಾಲು ಬರುವ ಜಾಗದಲ್ಲಿ ತಟ್ಟಿ. ಗಟ್ಟಿ ಟಕ್ ಟಕ್ ಬಂದರೆ ಸರಿ. ಖಾಲಿ ಡಬ್ಬ ತಟ್ಟಿದ ಹಾಗೆ ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟು ಪೂರ್ತಿ ಕೂತಿಲ್ಲ. ಮೂಲೆಗಳಲ್ಲಿ ಇದು ಜಾಸ್ತಿ. ಅಂಥ ಕಡೆ ಪೆನ್ಸಿಲ್ ಥರದ ಸಣ್ಣ ಕಾಲಿನ ಭಾರದ ಕಪಾಟು ಇಟ್ಟರೆ ಟೈಲ್ ಬಿರಿಯುತ್ತದೆ. ಜಾಗವನ್ನು ನಾಲ್ಕು ಇಂಚು ಆಚೀಚೆ ಮಾಡಿ, ಇಲ್ಲವೇ ಅಗಲ ಪಾದದ ಕಾಲು ತನ್ನಿ.

ಹಂತ 2: ತೂಕ ಲೆಕ್ಕ ಹಾಕಿ, ಮೂರರಿಂದ ಭಾಗಿಸಿ

ನಾಲ್ಕು ಕಾಲಿದೆ ಅಂತ ನಾಲ್ಕರಿಂದ ಭಾಗಿಸುವುದು ಎಲ್ಲರೂ ಮಾಡುವ ತಪ್ಪು. ಯಾವ ನೆಲವೂ ಪೂರ್ತಿ ಸಮ ಇರುವುದಿಲ್ಲ. ಒಂದು ಕಾಲು ಕೂದಲೆಳೆಯಷ್ಟು ಮೇಲಿದ್ದರೂ ಭಾರ ಹೊರುವುದು ಉಳಿದ ಮೂರೇ. ಗಾಲಿಗಂತೂ ಈ ಲೆಕ್ಕ ಬಿಡಲೇಬೇಡಿ.

ತುಂಬಿದ ಗ್ಯಾಸ್ ಸಿಲಿಂಡರ್ ತಗೊಳ್ಳಿ. ಒಳಗೆ ಗ್ಯಾಸ್ 14.2 ಕಿಲೋ, ಕಬ್ಬಿಣದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು 30 ಕಿಲೋ ಹಿಡಿಯಿರಿ. ಮೂರರಿಂದ ಭಾಗಿಸಿದರೆ ಒಂದೊಂದು ಗಾಲಿಗೆ 10 ಕಿಲೋ. ಅಗ್ಗದ ಟ್ರಾಲಿಯ ತೆಳು ಪ್ಲಾಸ್ಟಿಕ್ ಚಕ್ರ ಆರು ತಿಂಗಳಿಗೆ ಓರೆಯಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಪುಸ್ತಕದ ರ‍್ಯಾಕ್ ಇನ್ನೂ ಮೋಸ. ಒಂದು ಅಡಿ ಸಾಲು ಪುಸ್ತಕ 8ರಿಂದ 10 ಕಿಲೋ ತೂಗುತ್ತದೆ. ಮೂರು ಅಡಿ ಅಗಲದ, ನಾಲ್ಕು ಹಲಗೆಯ ರ‍್ಯಾಕ್ ಅಂದರೆ 12 ಅಡಿ ಸಾಲು, ಅಡಿಗೆ 9ರಂತೆ 108 ಕಿಲೋ. ರ‍್ಯಾಕಿನದ್ದೇ ತೂಕ 30 ಕಿಲೋ ಅಂದರೆ ಒಟ್ಟು 138. ಮೂರರಿಂದ ಭಾಗಿಸಿದರೆ ಗಾಲಿಗೆ 46 ಕಿಲೋ. ಡಬ್ಬಿಯ ಮೇಲೆ ‘40 ಕೆಜಿ’ ಅಂತಿದ್ದರೆ ಅದು ಒಂದು ಗಾಲಿಗೋ ನಾಲ್ಕರ ಸೆಟ್ಟಿಗೋ ಕೇಳಿ. ಒಂದಕ್ಕೇ ಆದರೂ ಇಲ್ಲಿ ಸಾಲದು.

ಹಂತ 3: ಇದು ನಿಜಕ್ಕೂ ಓಡಾಡಬೇಕಾ?

ಗಾಲಿ ಅಂದರೆ ಎಲ್ಲರಿಗೂ ಆಸೆ. ಆದರೆ ವರ್ಷಕ್ಕೆರಡು ಸಲ ಹಬ್ಬದ ಕ್ಲೀನಿಂಗಿಗೆ ಸರಿಸುವ ಸಾಮಾನಿಗೆ ಗಾಲಿ ಬೇಡ. ತರಕಾರಿ ಟ್ರಾಲಿ, ಮಕ್ಕಳ ಆಟದ ಸಾಮಾನಿನ ಡಬ್ಬ, ಮಂಚದ ಕೆಳಗಿನ ಪೆಟ್ಟಿಗೆ, ಆಫೀಸ್ ಕುರ್ಚಿ, ಹೊಲಿಗೆ ಮಿಷನ್ ಇಡುವ ಮೇಜು: ಇವಕ್ಕೆ ಹಾಕಿ.

ಎತ್ತರದ ಬೀರು, ಪುಸ್ತಕದ ಕಪಾಟಿಗೆ ಹಾಕಬೇಡಿ. ನಾನು ಪಾಲಿಸುವ ಲೆಕ್ಕ ಸರಳ. ಎತ್ತರ, ಬುಡದ ಕಿರಿದಾದ ಬದಿಯ ಮೂರು ಪಟ್ಟಿಗಿಂತ ಜಾಸ್ತಿ ಇದ್ದರೆ ಗಾಲಿ ಇಲ್ಲ. ಒಂದೂವರೆ ಅಡಿ ಆಳದ ಬೀರು ಆರೂವರೆ ಅಡಿ ಎತ್ತರ ಇರುತ್ತದೆ. ಬಾಗಿಲು ಎಳೆದಾಗ ಅದೂ ಜತೆಗೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಗಾಲಿ ಇಲ್ಲದ ಕಪಾಟನ್ನೂ ಎಲ್ ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿಸಿ.

ವಾಷಿಂಗ್ ಮಿಷನ್‌ಗೆ ಗಾಲಿ ಸ್ಟ್ಯಾಂಡ್ ಹಾಕುವವರಿಗೆ ನನ್ನದೊಂದು ಬಿನ್ನಹ: ದಯವಿಟ್ಟು ಬೇಡ. ಸ್ಪಿನ್ ಆಗುವಾಗ ಅದು ನಡೆಯಲು ಶುರುಮಾಡುತ್ತದೆ, ಪೈಪು ಕಿತ್ತು ಬರುತ್ತದೆ. ಅದರದ್ದೇ ನಾಲ್ಕು ಪಾದವನ್ನು ನೆಲಕ್ಕೆ ಕೂರಿಸಿ, ಪಾದದ ಮೇಲಿನ ಲಾಕ್ ನಟ್ಟನ್ನು ಮಿಷನ್ನಿನ ಬಾಡಿಗೆ ತಾಗುವ ತನಕ ಮೇಲಕ್ಕೆ ಬಿಗಿ ಮಾಡಿ. ಈ ನಟ್ ಬಿಗಿ ಮಾಡುವುದನ್ನೇ ತುಂಬಾ ಜನ ಮರೆಯುತ್ತಾರೆ.

ಹಾಗಾದರೆ ಬೀರು ಸರಿಸೋದು ಹೇಗೆ? ಖಾಲಿ ಮಾಡಿ. ಇಬ್ಬರು ಒಂದು ಬದಿ ಎರಡು ಇಂಚು ಎತ್ತಲಿ, ಮೂರನೆಯವರು ಮಡಿಸಿದ ಗೋಣಿಚೀಲ ತೂರಿಸಲಿ. ಇನ್ನೊಂದು ಬದಿಗೂ ಹಾಗೇ. ಆಮೇಲೆ ಗೋಣಿ ಹಿಡಿದು ಎಳೆಯಿರಿ. ಒಮ್ಮೆ ಬಾಡಿಗೆ ಮನೆಯಲ್ಲಿ ‘ಒಂದೇ ಒಂದಡಿ ತಾನೇ’ ಅಂತ ಬಟ್ಟೆ ತುಂಬಿದ ಬೀರುವನ್ನೇ ಸುಮ್ನೆ ತಳ್ಳಿಬಿಟ್ಟೆ. ಕಾಲಿನ ಬುಷ್ ಎಂದೋ ಒಡೆದು ಹೋಗಿತ್ತು, ನೋಡಿರಲಿಲ್ಲ. ಮಾರ್ಬಲ್ ಮೇಲೆ ಕಾಮನಬಿಲ್ಲಿನ ಹಾಗೆ ಗೀರು ಬಿತ್ತು. ಮನೆ ಬಿಡುವಾಗ ಓನರ್ ಅದನ್ನು ಅಡ್ವಾನ್ಸಿನಲ್ಲಿ ಹಿಡಿದರು. ನ್ಯಾಯವೇ.

ಹಂತ 4: ಎತ್ತರ

ಹಳೇ ಕಾಲು ತೆಗೆಯುವ ಮೊದಲು ನೆಲದಿಂದ ಈಗಿನ ಎತ್ತರ ಬರೆದಿಟ್ಟುಕೊಳ್ಳಿ. ಸೋಫಾ, ಕುರ್ಚಿಯ ಸೀಟು ನೆಲದಿಂದ 17–18 ಇಂಚು ಇದ್ದರೆ ಹೆಚ್ಚಿನವರಿಗೆ ಸರಿ. ಮಂಡಿ ನೋವಿನ ಹಿರಿಯರಿದ್ದರೆ 19–20 ಇಂಚು ಮಾಡಿಕೊಡಿ, ಏಳುವಾಗ ಕೈ ಊರಿ ಒದ್ದಾಡುವುದು ಕಡಿಮೆಯಾಗುತ್ತದೆ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಅಷ್ಟೇ ಪರೀಕ್ಷೆ. ಊಟದ ಮೇಜು 29–30 ಇಂಚು.

ಇನ್ನು ಪರಕೆ. ಸೋಫಾ ಕೆಳಗೆ ಒಂದೋ ಆರಿಂಚು ಜಾಗ ಬಿಡಿ, ಇಲ್ಲವೇ ಪೂರ್ತಿ ನೆಲಕ್ಕೆ ಕೂರಿಸಿ. ಎರಡು ಇಂಚಿನ ಸಂದು ಇದೆಯಲ್ಲ, ಅದು ಜಿರಲೆಗೂ ಕಳೆದುಹೋದ ರಿಮೋಟಿಗೂ ಮಾತ್ರ ಉಪಯೋಗ. ಕಸ ಗುಡಿಸುವವರು ಅಲ್ಲಿಗೆ ಹೋಗುವುದೇ ಇಲ್ಲ.

ಗಾಲಿ ಹಾಕುವುದಾದರೆ ಚಕ್ರದ ಅಳತೆ ಬೇರೆ, ಒಟ್ಟು ಎತ್ತರ ಬೇರೆ. 50 ಮಿ.ಮೀ. ಚಕ್ರ ಅಂದರೆ ತಟ್ಟೆ ಸೇರಿ 70 ಮಿ.ಮೀ. ಹತ್ತಿರ ಬರುತ್ತದೆ. ಅಡುಗೆಮನೆ ಕಟ್ಟೆ ಕೆಳಗೆ ಟ್ರಾಲಿ ತೂರಿಸುವವರು ಇಲ್ಲೇ ಎಡವುವುದು.

ಹಂತ 5: ಗಾಲಿ ಆರಿಸುವುದು

ಒಂದು ಸೂತ್ರ ಸಾಕು: ಗಟ್ಟಿ ನೆಲಕ್ಕೆ ಮೆತ್ತಗಿನ ಗಾಲಿ, ಮೆತ್ತಗಿನ ನೆಲಕ್ಕೆ ಗಟ್ಟಿ ಗಾಲಿ. ಟೈಲ್ಸ್, ಮಾರ್ಬಲ್, ರೆಡ್ ಆಕ್ಸೈಡಿಗೆ ಪಿಯು (ಪಾಲಿಯುರೆಥೇನ್) ಅಥವಾ ಬೂದು ಬಣ್ಣದ, ಕಲೆ ಮಾಡದ ರಬ್ಬರ್. ನೈಲಾನ್ ಗಾಲಿ ಕಾರ್ಪೆಟ್ಟಿಗೆ ಸರಿ. ಟೈಲ್ಸ್ ಮೇಲೆ ಓಡಿಸಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ.

ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವಾದರೂ ತಗ್ಗಿದ ಹಾಗೆ ಅನ್ನಿಸಿದರೆ ಮೆತ್ತಗಿದೆ. ಕಲ್ಲಿನ ಹಾಗಿದ್ದರೆ ವಾಪಸ್ ಕೊಡಿ.

ಚಕ್ರ ದೊಡ್ಡದಿದ್ದಷ್ಟೂ ಟೈಲ್ಸ್ ಸಂದಿನಲ್ಲಿ ಕುಲುಕುವುದು ಕಡಿಮೆ. ಮನೆಯೊಳಗೆ 50 ಮಿ.ಮೀ. ಸಾಕು, ಭಾರ ಇದ್ದರೆ 75. ಹೊಸಿಲು ದಾಟಿಸಲು ಯಾವ ಗಾಲಿಯೂ ಸಾಲದು, ಎತ್ತಿಯೇ ದಾಟಿಸಿ. ನಾಲ್ಕರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ, ಮತ್ತು ಅವು ನಿಮ್ಮ ಕಾಲಿಗೆ ಸಿಗುವ ಕಡೆ ಬರಲಿ. ಗೋಡೆ ಕಡೆಗೆ ಬ್ರೇಕ್ ಹಾಕಿಸಿಕೊಂಡು ದಿನಾ ಬಗ್ಗುವವರನ್ನು ನೋಡಿದ್ದೇನೆ.

ಆಫೀಸ್ ಕುರ್ಚಿಯ ಗಾಲಿ ಬದಲಿಸುವವರು ಹಳೆಯದೊಂದನ್ನು ಎಳೆದು ತೆಗೆದು ಅದರ ಕಂಬಿಯ ದಪ್ಪ ಅಳೆಯಿರಿ. ಸಾಮಾನ್ಯವಾಗಿ 11 ಮಿ.ಮೀ., ಕೆಲವು ಕುರ್ಚಿಗಳಲ್ಲಿ 10. ಒಂದು ಮಿ.ಮೀ. ತಾನೇ ಅಂತ ಹನ್ನೊಂದರ ತೂತಿಗೆ ಹತ್ತರದ್ದು ಹಾಕಿದರೆ ಕುರ್ಚಿ ಎತ್ತಿದಾಗಲೆಲ್ಲ ಗಾಲಿ ನೆಲದ ಮೇಲೇ ಉಳಿಯುತ್ತದೆ.

ಹಂತ 6: ಜೋಡಣೆ, ಎಲ್ಲರೂ ಸೋಲುವ ಜಾಗ

ಕಾಲು ಎಷ್ಟೇ ಚೆನ್ನಾಗಿರಲಿ, ಅದನ್ನು ಹಿಡಿದುಕೊಳ್ಳುವ ಮರ ಸರಿಯಿಲ್ಲದಿದ್ದರೆ ಕೆಲಸ ಕೆಡುತ್ತದೆ. ಸೋಫಾ ಉರುಳಿಸಿ ಕೆಳಗಿನ ಕಪ್ಪು ಬಟ್ಟೆ ಸ್ವಲ್ಪ ಬಿಡಿಸಿ. ಕಾಲು ಬರಬೇಕಾದ್ದು ಗಟ್ಟಿ ಮರದ ಫ್ರೇಮಿಗೆ. ಬಟ್ಟೆ ಮೇಲಿಂದಲೇ ಅಂದಾಜಿಗೆ ಸ್ಕ್ರೂ ಹೊಡೆದರೆ ಅದು ತೆಳು ಪ್ಲೈವುಡ್ಡಿಗೋ ಗಾಳಿಗೋ ಹೋಗುತ್ತದೆ. ಆರು ಅಡಿಗಿಂತ ಉದ್ದದ ಸೋಫಾಕ್ಕೆ, ಡಬಲ್ ಮಂಚಕ್ಕೆ ನಡುವೆ ಒಂದು ಕಾಲು ಬೇಕು. ಅದು ಎತ್ತರ ಹೊಂದಿಸಲು ಬರುವಂಥದ್ದಿರಲಿ.

ಎರಡು ಥರದ ಜೋಡಣೆ ಸಿಗುತ್ತದೆ. ತಟ್ಟೆ ಇಟ್ಟು ನಾಲ್ಕು ಸ್ಕ್ರೂ ಹೊಡೆಯುವುದು ಒಂದು, ಒಂದೇ ಬೋಲ್ಟ್ ತಿರುಗಿಸಿ ಕೂರಿಸುವುದು ಇನ್ನೊಂದು.

ತಟ್ಟೆಯದಾದರೆ ಸ್ಕ್ರೂ ಉದ್ದ ನೋಡಿ. ಹಲಗೆ 18 ಮಿ.ಮೀ. ಇದ್ದರೆ ಒಳಗೆ ಹೋಗುವ ಭಾಗ 15–16 ಮೀರಬಾರದು. ಇಲ್ಲದಿದ್ದರೆ ಮೇಲೆ ಸನ್‌ಮೈಕಾ ಉಬ್ಬಿಸಿಕೊಂಡು ಮೊನೆ ಹೊರಬರುತ್ತದೆ. 4 ಮಿ.ಮೀ. ಸ್ಕ್ರೂಗೆ ಮೊದಲು 2.5 ಮಿ.ಮೀ. ತೂತು ಕೊರೆಯಿರಿ. ಬಿಟ್ಟಿಗೆ 15 ಮಿ.ಮೀ. ಮೇಲೆ ಒಂದು ಸುತ್ತು ಟೇಪ್ ಅಂಟಿಸಿಕೊಂಡರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಪಾರ್ಟಿಕಲ್ ಬೋರ್ಡ್ ಆದರೆ ನೇರ ಗಾಲಿ ಹೊಡೆಯಬೇಡಿ. ಅದು ಪುಡಿ ಒತ್ತಿ ಮಾಡಿದ ಹಲಗೆ. ಗಾಲಿ ಪ್ರತಿ ಸಲ ತಿರುಗಿದಾಗಲೂ ಸ್ಕ್ರೂ ಆಚೀಚೆ ಜಗ್ಗಿ ತೂತನ್ನು ಅಗಲ ಮಾಡುತ್ತದೆ. ಕೆಳಗೆ ಉದ್ದಕ್ಕೂ ಮೂರಿಂಚು ಅಗಲದ ಪ್ಲೈವುಡ್ ಪಟ್ಟಿ ಹಾಕಿ, ಅಂಟು ಮತ್ತು ಸ್ಕ್ರೂ ಎರಡರಲ್ಲೂ ಬಿಗಿಸಿ, ಗಾಲಿಯನ್ನು ಆ ಪಟ್ಟಿಗೆ ಕೂರಿಸಿ.

ಬೋಲ್ಟಿನದಾದರೆ ಥ್ರೆಡ್ ನೋಡಬೇಕು, ಮತ್ತು ಇಲ್ಲಿ ಮೋಸಹೋಗುವ ಜಾಗ ಒಂದಿದೆ. ನಮ್ಮ ಅಂಗಡಿಗಳಲ್ಲಿ ಎಂ8 ಬೋಲ್ಟೂ ಸಿಗುತ್ತದೆ, 5/16 ಇಂಚಿನದೂ ಸಿಗುತ್ತದೆ. ದಪ್ಪ ನೋಡಿದರೆ ಎರಡೂ ಒಂದೇ, 8 ಮಿ.ಮೀ. ಅನ್ನಬಹುದು. ಥ್ರೆಡ್ಡಿನ ಅಂತರ ಮಾತ್ರ ಬೇರೆ: ಎಂ8ಗೆ 1.25 ಮಿ.ಮೀ., ಇಂಚಿನದಕ್ಕೆ ಸುಮಾರು 1.4. ಒಂದರ ನಟ್ಟಿಗೆ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ‘ತುಕ್ಕು ಇರಬೇಕು’ ಅಂತ ನಾನು ಸ್ಪ್ಯಾನರ್ ಹಾಕಿ ತಿರುಗಿಸಿದೆ. ಟೀಪಾಯಿಯ ಮರದೊಳಗೆ ಕೂರಿಸಿದ್ದ ನಟ್ಟೇ (ಟಿ-ನಟ್) ಮರ ಬಿಟ್ಟು ಗಿರಗಿರ ತಿರುಗತೊಡಗಿತು. ಕಾಲು ಒಳಗೂ ಹೋಗದು, ಹೊರಗೂ ಬಾರದು. ಕೊನೆಗೆ ಬಡಗಿ ಬಂದು ಬೋಲ್ಟ್ ಕತ್ತರಿಸಿಯೇ ತೆಗೆದಿದ್ದು. ಹಾಗಾಗಿ ಹಳೇ ಕಾಲು ಒಂದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಎರಡು ಬೋಲ್ಟನ್ನು ಅಕ್ಕಪಕ್ಕ ಒತ್ತಿ ಹಿಡಿಯಿರಿ. ಹಲ್ಲಿಗೆ ಹಲ್ಲು ಪೂರ್ತಿ ಕೂತರೆ ಒಂದೇ ಜಾತಿ, ಬೆಳಕಿನ ಸಂದು ಕಂಡರೆ ಬೇರೆ. ಕೈಯಲ್ಲೇ ಕೊನೆತನಕ ತಿರುಗದ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ.

ಹಂತ 7: ಕಾಲಿನ ತುದಿಗೆ ಏನು

ಈಗ ಬಂತು ಪ್ಯಾಡಿನ ಸರದಿ. ನೋಡಿ, ಎಲ್ಲರೂ ಇಲ್ಲಿಂದ ಶುರು ಮಾಡುತ್ತಾರೆ.

ಪೈಪ್ ಕಾಲಿನ ಸ್ಟೂಲು, ಫೋಲ್ಡಿಂಗ್ ಕುರ್ಚಿಗೆ ಬುಷ್ ಹಾಕಿ. ಟೋಪಿಯ ಹಾಗೆ ಹೊರಗಿಂದ ಕೂರುವುದು ಒಂದು, ಪೈಪಿನ ಒಳಗೆ ತೂರುವುದು ಇನ್ನೊಂದು. ಹೊರಗಿನದಕ್ಕೆ ಪೈಪಿನ ಹೊರ ಅಳತೆ, ಒಳಗಿನದಕ್ಕೆ ಒಳ ಅಳತೆ. ಬಿಗಿಯಾಗಿ ಹೋಗಲೇಬೇಕು. ಬೆರಳಲ್ಲಿ ಸಲೀಸಾಗಿ ಹಾಕಲು ಬಂದರೆ ಸಲೀಸಾಗಿ ಬೀಳುತ್ತದೆ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟರೆ ಪಿವಿಸಿ ಬುಷ್ ಮೆತ್ತಗಾಗುತ್ತದೆ, ಆಗ ತಿರುಗಿಸುತ್ತಾ ಒತ್ತಿ. ಸೋಪು ನೀರು ಹಚ್ಚಬೇಡಿ, ಆಮೇಲೂ ಜಾರುತ್ತಲೇ ಇರುತ್ತದೆ.

ಮರದ ಕಾಲಿನ ಊಟದ ಕುರ್ಚಿಗೆ ಫೆಲ್ಟ್ ಹಾಕುವುದಾದರೆ ಅಂಟಿನದು ಬಿಡಿ, ನಡುವೆ ಮೊಳೆ ಅಥವಾ ಸ್ಕ್ರೂ ಇರುವುದು ತನ್ನಿ. ದಿನಾ ಒದ್ದೆ ಬಟ್ಟೆ ತಾಗುವಲ್ಲಿ ಅಂಟು ನಿಲ್ಲುವುದಿಲ್ಲ. ಅಂಟಿನದೇ ಬೇಕೆಂದರೆ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಅಂಟಿಸಿ, ಒಂದು ದಿನ ಕುರ್ಚಿಯನ್ನು ತಲೆಕೆಳಗಾಗಿಯೇ ಬಿಡಿ. ಅಂಟಿಸಿದ ಹತ್ತು ನಿಮಿಷಕ್ಕೆ ಊಟಕ್ಕೆ ಕೂರುವುದೇ ಪ್ಯಾಡ್ ಜರುಗಲು ಮುಖ್ಯ ಕಾರಣ. ಪ್ಯಾಡ್ ಕಾಲಿಗಿಂತ ಒಂದೆರಡು ಮಿ.ಮೀ. ಚಿಕ್ಕದಿರಲಿ. ಹೊರಗೆ ಚಾಚಿದರೆ ಒರೆಸುವ ಬಟ್ಟೆಗೆ ಸಿಕ್ಕಿ ಸಿಪ್ಪೆಯ ಹಾಗೆ ಏಳುತ್ತದೆ.

ಕಾಲಿಗೆ ಸಾಕ್ಸ್ ಥರ ಹಾಕುವ ಸಿಲಿಕಾನ್ ಟೋಪಿ ಈಗ ಎಲ್ಲೆಲ್ಲೂ ಸಿಗುತ್ತದೆ. ಅದು ಬೀಳುವುದಿಲ್ಲ, ನಿಜ. ಆದರೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ತಿಂಗಳಿಗೊಮ್ಮೆ ತೆಗೆದು ಒಣಗಿಸಿ. ಇಲ್ಲದಿದ್ದರೆ ಮರ ಕಪ್ಪಾಗುತ್ತದೆ, ಕಬ್ಬಿಣ ಒಳಗೇ ತುಕ್ಕು ಹಿಡಿಯುತ್ತದೆ.

ಜರುಗಿಸದ ಭಾರದ ಸಾಮಾನಿಗೆ, ಅಂದರೆ ಮಂಚ, ಬೀರು, ಟಿವಿ ಯೂನಿಟ್‌ಗೆ ಫೆಲ್ಟೇ ಬೇಡ. ಗಟ್ಟಿ ನೈಲಾನ್ ಅಥವಾ ಪಿವಿಸಿ ಪಾದ ಹಾಕಿ. ನೀರು ಕುಡಿಯುವುದಿಲ್ಲ. ಮಾಡ್ಯುಲರ್ ಕಿಚನ್ನಿಗೆ ಹಾಕುವ ನಾಲ್ಕಿಂಚಿನ ಪಿವಿಸಿ ಕಾಲು ಟಿವಿ ಯೂನಿಟ್ಟಿಗೂ ಚೆನ್ನಾಗಿ ಆಗುತ್ತದೆ. ಎತ್ತರ ತಿರುಗಿಸಿ ಹೊಂದಿಸಬಹುದು, ಮುಂದೆ ಪಟ್ಟಿ ಸಿಕ್ಕಿಸಿ ಮುಚ್ಚಬಹುದು. ಹಿಂದೆ ತಿಂಡಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದು ಇರುವೆಗೆ ಸರಿ, ಮರದ ನಾರು ಒತ್ತಿ ಮಾಡಿದ ಇವತ್ತಿನ ಎಂಡಿಎಫ್ ಕಾಲಿಗೆ ವಿಷ.

ಮರದ ಕಾಲಿನ ಅಡಿಯಲ್ಲಿ, ಅಡ್ಡ ಕೊಯ್ದು ಬಿಲ್ಲೆಯ ಹಾಗೆ ಕಾಣುವ ಕಡೆಯಿಂದಲೇ ನೀರು ಹೀರುವುದು ಜಾಸ್ತಿ. ಪಾದ ಹಾಕುವ ಮುಂಚೆ ಅಲ್ಲಿಗೆ ಎರಡು ಕೈ ವಾರ್ನಿಶ್ ಅಥವಾ ಎನಾಮೆಲ್ ಪೇಂಟ್ ಹೊಡೆಯಿರಿ. ನೆಲಮಹಡಿ ಮನೆಯಾದರೆ ಗೆದ್ದಲಿನ ದೃಷ್ಟಿಯಿಂದಲೂ ಮರ ನೇರ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ಹಂತ 8: ಕೂರಿಸಿ, ಅಲ್ಲಾಡಿಸಿ ನೋಡಿ

ಇಡುವ ಜಾಗದಲ್ಲೇ ಇಟ್ಟು ರಸಮಟ್ಟ ನೋಡಿ, ಬೇರೆ ಕಡೆ ನೋಡಿ ಪ್ರಯೋಜನವಿಲ್ಲ. ಮೇಜು ಕುಂಟುತ್ತಿದ್ದರೆ ಎದುರುಬದುರು ಮೂಲೆಗಳನ್ನು ಒತ್ತಿ, ಯಾವ ಕಾಲು ಗಾಳಿಯಲ್ಲಿದೆ ಅಂತ ಹಿಡಿಯಿರಿ. ಅದರ ಕೆಳಗೆ ಪೋಸ್ಟ್‌ಕಾರ್ಡ್ ತುಂಡುಗಳನ್ನು ಒಂದೊಂದಾಗಿ ತೂರಿಸಿ ಅಂತರ ತಿಳಿಯಿರಿ. ಆಮೇಲೆ ಅಷ್ಟೇ ದಪ್ಪದ ಪಾದ ಹಾಕಿ, ಕಾರ್ಡನ್ನು ಅಲ್ಲೇ ಬಿಡಬೇಡಿ. ಉಳಿದ ಮೂರು ಕಾಲನ್ನು ಗರಗಸದಲ್ಲಿ ಕೊಯ್ಯಲು ಹೋಗಬೇಡಿ. ಹಾಗೆ ಶುರು ಮಾಡಿದ ಒಬ್ಬರ ಊಟದ ಮೇಜು ಈಗ ಟೀಪಾಯಿ ಆಗಿದೆ.

ಒಂದು ವಾರದ ಮೇಲೆ ಎಲ್ಲ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಮರ ಸ್ವಲ್ಪ ಒತ್ತಿಕೊಂಡಿರುತ್ತದೆ.

ಈ ಗುರುತು ಕಂಡರೆ ತಡ ಮಾಡಬೇಡಿ

ಕುರ್ಚಿಯ ಹಿಂದೆ ನೆಲದ ಮೇಲೆ ಬಿಲ್ಲಿನ ಹಾಗೆ ಕಪ್ಪು ಗೆರೆ ಬಂದರೆ ಒಂದು ಬುಷ್ ತೂತಾಗಿದೆ, ಪೈಪೇ ನೆಲಕ್ಕೆ ತಾಗುತ್ತಿದೆ. ಎಂಡಿಎಫ್ ಕಾಲಿನ ಬುಡ ದಪ್ಪಗಾಗಿ ಪೇಂಟ್ ಬಿರಿದರೆ ನೀರು ಕುಡಿದಿದೆ, ಅದು ಮತ್ತೆ ಮೊದಲಿನಂತಾಗುವುದಿಲ್ಲ. ಗಾಲಿ ಒಂದು ಕಡೆಗೇ ಎಳೆದರೆ ಮೊದಲು ಅದರ ಅಚ್ಚು ನೋಡಿ. ಹತ್ತರಲ್ಲಿ ಎಂಟು ಸಲ ಕೂದಲು ಸುತ್ತಿಕೊಂಡಿರುತ್ತದೆ, ಬ್ಲೇಡಿನಿಂದ ಕೊಯ್ದು ತೆಗೆದರೆ ಸರಿ. ಕಾಲಿನ ಪಕ್ಕ ಸಣ್ಣ ಹಳದಿ ಪುಡಿ ಬಿದ್ದಿದ್ದರೆ ಹುಳ ಮರ ತಿನ್ನುತ್ತಿದೆ, ಪ್ಯಾಡಿನ ವಿಷಯ ಬಿಟ್ಟು ಮೊದಲು ಅದನ್ನು ನೋಡಿ.

ಕಬ್ಬಿಣದ ಕಾಲಿನ ಸುತ್ತ ಕಂದು ಉಂಗುರ ಬಿದ್ದಿದ್ದರೆ ಅದು ತುಕ್ಕು. ಟೈಲ್ಸ್ ಆದರೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬಹುದು. ಮಾರ್ಬಲ್ ಮೇಲೆ, ರೆಡ್ ಆಕ್ಸೈಡ್ ಮೇಲೆ ನಿಂಬೆ, ವಿನೆಗರ್ ಯಾವುದೂ ಬೇಡ. ಹುಳಿ ಆ ನೆಲವನ್ನೇ ತಿನ್ನುತ್ತದೆ. ಕಂದು ಉಂಗುರ ಹೋಗಿ ಅದೇ ಜಾಗದಲ್ಲಿ ಹೊಳಪಿಲ್ಲದ ಉಂಗುರ ಉಳಿದುಬಿಡುತ್ತದೆ.